ಹಸಿರು ಅಡುಗೆಮನೆಗೆ ಮೊದಲು ಏನು ಕೊಳ್ಳಬೇಕು?

ಅಡುಗೆಮನೆಯಿಂದ ಪರಿಸರದ ಮೇಲೆ ಬೀಳುವ ಹೊರೆಯನ್ನು ತಗ್ಗಿಸಬೇಕು, ಅದಕ್ಕೆ ಮೊದಲು ಏನು ತರಲಿ ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಬಿದಿರಿನ ಚಮಚ ತರಲೇ, ಗಾಜಿನ ಡಬ್ಬಿಗಳ ಸೆಟ್ ತರಲೇ, ಕರೆಂಟಿನಲ್ಲಿ ಗೊಬ್ಬರ ಮಾಡುವ ಯಂತ್ರ ತರಲೇ ಎಂದು ಕೇಳುವವರೇ ಹೆಚ್ಚು. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಗಟ್ಟಿಮುಟ್ಟಾಗಿರುವ ಹಳೆಯ ಡಬ್ಬಿಗಳನ್ನು ಎಸೆದು ಹೊಸದನ್ನು ತಂದರೆ ಕಸವೂ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ.

ಕೆಲಸ ಶುರುವಾಗಬೇಕಾದದ್ದು ಸಿಂಕಿನ ಕೆಳಗಿರುವ ಕಸದ ಬಕೆಟ್‌ನಿಂದ. ನಮ್ಮ ನಗರಗಳ ಮನೆಕಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಕಸವೇ. ತರಕಾರಿ ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ ಎಲ್ಲವೂ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಊರಾಚೆಯ ಕಸದ ಗುಡ್ಡ ಸೇರಿದರೆ ಅಲ್ಲಿ ಗಾಳಿಯಾಡದೆ ಕೊಳೆಯುತ್ತವೆ. ಆಗ ಮೀಥೇನ್ ಎಂಬ ಅನಿಲ ಹೊಮ್ಮುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಹಲವು ಪಟ್ಟು ತೀಕ್ಷ್ಣ. ಕೊಳೆತ ಕಸದಿಂದ ಸೋರುವ ಕಪ್ಪು ನೀರು ಅಂತರ್ಜಲಕ್ಕೆ ಇಳಿಯುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಬೀದಿಗಿಳಿದು ಲಾರಿಗಳನ್ನು ತಡೆದದ್ದು ಇದೇ ಸಂಕಟಕ್ಕೆ. ನಮ್ಮ ಮನೆಯ ಸಿಪ್ಪೆ ಇನ್ನೊಬ್ಬರ ಊರಿನ ಬಾವಿಯನ್ನು ಕೆಡಿಸಬಾರದು ಎಂಬುದು ನನ್ನ ಮಟ್ಟಿಗೆ ಈ ಇಡೀ ಕೆಲಸದ ಬುನಾದಿ.

ಬೇಕಾದ ಸಾಮಾನುಗಳು ಇಷ್ಟೇ: ಹಳೆಯ ಮೂರು ಬಕೆಟ್, ಒಂದು ಚೀಲ ಒಣ ಎಲೆ, ಅಡುಗೆಮನೆಯ ತಕ್ಕಡಿ ಇದ್ದರೆ ಅದು, ಗೋಡೆಯ ಕ್ಯಾಲೆಂಡರ್ ಮತ್ತು ಒಂದು ಪೆನ್ನು.

ಹಂತ 1: ಒಂದು ವಾರ ತೂಗಿ ಬರೆಯಿರಿ

ಏಳು ದಿನ ಹಸಿಕಸ, ಒಣಕಸಗಳನ್ನು ಬೇರೆಬೇರೆಯಾಗಿ ಕೂಡಿಡಿ. ಪ್ರತಿ ರಾತ್ರಿ ಹಸಿಕಸವನ್ನು ತೂಗಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ತಕ್ಕಡಿ ಇಲ್ಲದಿದ್ದರೆ ಬಕೆಟ್ ಎಷ್ಟು ತುಂಬಿತು ಎಂದು ಬರೆದರೂ ಸಾಕು. ನಾಲ್ವರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೋದಿಂದ ಒಂದು ಕಿಲೋದಷ್ಟು ಬರುವುದು ಸಾಮಾನ್ಯ. ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ತಿನ್ನಬಹುದಾಗಿದ್ದೂ ಎಸೆದದ್ದು ಏನು? ಬಾಡಿದ ಸೊಪ್ಪಿನ ಕಟ್ಟು, ಹುಳಿಯಾದ ಹುಳಿ, ಫ್ರಿಜ್ಜಿನ ಮೂಲೆಯಲ್ಲಿ ಮರೆತ ಅರ್ಧ ನಿಂಬೆಹಣ್ಣು, ಎಲ್ಲವನ್ನೂ ಬರೆಯಿರಿ. ವಾರದ ಕೊನೆಗೆ ಈ ಸಾಲುಗಳೇ ನಿಮ್ಮ ಮನೆ ಎಲ್ಲಿ ಸೋರುತ್ತಿದೆ ಎಂದು ತೋರಿಸುತ್ತವೆ. ಈ ಹಂತವನ್ನು ಹಾರಿಸಿ ಮುಂದೆ ಹೋದವರು ತಮ್ಮ ಮನೆಗೆ ಬೇಡದ ಪರಿಹಾರಗಳಿಗೆ ದುಡ್ಡು ಸುರಿಯುವುದನ್ನು ನೋಡಿದ್ದೇನೆ.

ಹಂತ 2: ಸಿಪ್ಪೆಯನ್ನು ಒಲೆಯ ಬಳಿಯೇ ತಡೆಯಿರಿ

ನಮ್ಮ ಅಡುಗೆಯಲ್ಲಿ ಇದಕ್ಕೆ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ, ನೆನಪಿಸಿಕೊಳ್ಳಬೇಕಾದದ್ದು ಹೆಚ್ಚು. ಹೀರೆಕಾಯಿ ಮತ್ತು ಸೀಮೆಬದನೆಯ ಸಿಪ್ಪೆಗೆ ಚಟ್ನಿ ಇದೆ. ಕಿತ್ತಳೆ ಸಿಪ್ಪೆಗೆ ಗೊಜ್ಜು ಇದೆ. ಕಲ್ಲಂಗಡಿಯ ಬಿಳಿ ಭಾಗವನ್ನು ಅಕ್ಕಿಯೊಂದಿಗೆ ರುಬ್ಬಿದರೆ ಕರಾವಳಿಯವರ ಮೆತ್ತನೆಯ ದೋಸೆಯಾಗುತ್ತದೆ. ಒಣಗಿಸಿದ ದಾಳಿಂಬೆ ಸಿಪ್ಪೆಯಿಂದ ಮಲೆನಾಡಿನಲ್ಲಿ ತಂಬುಳಿ ಮಾಡುತ್ತಾರೆ. ಕೊತ್ತಂಬರಿ ದಂಟು ಸಾರಿನ ಮಸಾಲೆಗೆ ಹೋಗಲಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರೇ ಬಸ್ಸಾರಿನ ಜೀವ, ಬಸಿದುಳಿದದ್ದು ಪಲ್ಯ. ಒಂದು ಹನಿಯೂ ವ್ಯರ್ಥವಾಗದ ಇಂಥ ಅಡುಗೆಯನ್ನು ಹಳೆ ಮೈಸೂರಿನ ಮನೆಗಳು ಇಂದಿಗೂ ಮಾಡುತ್ತಿವೆ. ಸಿಪ್ಪೆ ಬಳಸುವ ತರಕಾರಿಯನ್ನು ಕತ್ತರಿಸುವ ಮೊದಲೇ ಚೆನ್ನಾಗಿ ಉಜ್ಜಿ ತೊಳೆಯಿರಿ.

ಸೊಪ್ಪನ್ನು ತಂದ ದಿನವೇ ಬಿಡಿಸಿ, ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮುಂದಿನ ಸಾಲಿನಲ್ಲಿ ಒಂದು ಡಬ್ಬಿ ಇಟ್ಟು ಅದರ ಮೇಲೆ ‘ಮೊದಲು ಇದು’ ಎಂದು ಬರೆಯಿರಿ. ಅರ್ಧ ಈರುಳ್ಳಿ, ನಿನ್ನೆಯ ಪಲ್ಯ, ತೆಂಗಿನಕಾಯಿ ಹೋಳು ಎಲ್ಲ ಅದರೊಳಗೆ ಹೋಗಲಿ. ಹೊಸ ಅಡುಗೆಗೆ ಕೈಹಾಕುವ ಮೊದಲು ಆ ಡಬ್ಬಿ ತೆರೆದು ನೋಡುವ ರೂಢಿಯೊಂದೇ ಬಕೆಟ್ ಅನ್ನು ಎಷ್ಟೋ ಹಗುರಗೊಳಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ಅನ್ನ ಉಳಿಸುವ ಆಸೆಯಲ್ಲಿ ಅದನ್ನು ದಿನವಿಡೀ ಕಟ್ಟೆಯ ಮೇಲಿಟ್ಟು ರಾತ್ರಿ ಚಿತ್ರಾನ್ನ ಮಾಡಬೇಡಿ. ಬೆಂದ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಉಳಿಯುತ್ತದೆ ಎಂದು ಗೊತ್ತಾದ ಅನ್ನವನ್ನು ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಹಂತ 3: ಉಳಿದ ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿ

ಅತಿ ಹೆಚ್ಚು ಪ್ರಶ್ನೆಗಳು ಬರುವುದು ಈ ಹಂತದ ಬಗ್ಗೆ. ಬಹಳ ಮಂದಿ ಕೈಬಿಡುವುದೂ ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಇದಕ್ಕೆ ತೋಟ ಬೇಡ, ಬಾಲ್ಕನಿಯ ಮೂರಡಿ ಜಾಗ ಸಾಕು.

ಇಪ್ಪತ್ತು ಲೀಟರಿನ ಮೂರು ಬಕೆಟ್ ತೆಗೆದುಕೊಳ್ಳಿ. ಬಣ್ಣ ಬಳಿಯುವವರ ಬಳಿ ಖಾಲಿ ಬಕೆಟ್‌ಗಳು ಸಿಗುತ್ತವೆ, ಒಳಗಿನ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಪಕ್ಕಗಳಲ್ಲಿ ಸುತ್ತಲೂ ಕಿರುಬೆರಳು ಹಿಡಿಸುವಷ್ಟು ದೊಡ್ಡ ತೂತುಗಳನ್ನು ಗೇಣಿಗೊಂದರಂತೆ ಮೂರು ಸಾಲಿನಲ್ಲಿ ಮಾಡಿ, ತಳದಲ್ಲಿ ನಾಲ್ಕೈದು ತೂತು ಇರಲಿ. ಕಾಯಿಸಿದ ಕಬ್ಬಿಣದ ಸರಳಿನಿಂದ ಚುಚ್ಚುವುದಕ್ಕಿಂತ ಡ್ರಿಲ್ ಬಳಸುವುದು ಒಳ್ಳೆಯದು, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಕೆಟ್ಟದ್ದು. ಕೆಳಗೊಂದು ತಟ್ಟೆ ಇಡಿ. ಮಣ್ಣಿನ ಮಡಕೆಗಳಿದ್ದರೆ ಇನ್ನೂ ಒಳ್ಳೆಯದು, ಮಣ್ಣು ತೇವ ಹೀರಿ ಉಸಿರಾಡುತ್ತದೆ.

ಮೊದಲು ತಳಕ್ಕೆ ಎರಡು ಅಂಗುಲ ದಪ್ಪಕ್ಕೆ ಒಣ ಎಲೆ ಅಥವಾ ಬಿಡಿಸಿದ ತೆಂಗಿನ ನಾರು ಹರಡಿ.

ಅದರ ಮೇಲೆ ದಿನದ ಸಿಪ್ಪೆಯನ್ನು ಹಾಕಿ. ತುಂಡು ಚಿಕ್ಕದಾದಷ್ಟೂ ಬೇಗ ಕೊಳೆಯುತ್ತದೆ, ಹೆಬ್ಬೆರಳಿನ ಉಗುರಿನಷ್ಟು ಇದ್ದರೆ ಸರಿ. ನೀರು ಬಸಿದು ಹಾಕುವುದನ್ನು ಮರೆಯಬೇಡಿ.

ಆಮೇಲೆ ಹಾಕಿದ ಸಿಪ್ಪೆ ಎಷ್ಟೋ ಅಷ್ಟೇ ಗಾತ್ರದ ಒಣ ಎಲೆಯನ್ನು ಮೇಲೆ ಹೊದಿಸಿ, ಹಸಿಯದ್ದು ಒಂದಿಷ್ಟೂ ಕಣ್ಣಿಗೆ ಬೀಳಬಾರದು. ಎಲೆ ಸಿಗದವರು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯನ್ನು ಎರಡು ಹಿಡಿ ಹಾಕಬಹುದು. ಹಸಿಯದರಲ್ಲಿ ಸಾರಜನಕ ಹೆಚ್ಚು, ಒಣಗಿದ್ದರಲ್ಲಿ ಇಂಗಾಲ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಬೇಕು. ಸಮಗಾತ್ರದ ಎಲೆ ಹಾಕಿದರೆ ನಿತ್ಯದ ಬಳಕೆಗೆ ಈ ಲೆಕ್ಕ ಹತ್ತಿರ ಬರುತ್ತದೆ.

ಶುರುವಿನಲ್ಲಿ ಹೆಪ್ಪು ಹಾಕಿದಂತೆ ಸ್ವಲ್ಪ ಬೀಜ ಬೇಕು: ಅರ್ಧ ಲೋಟ ಹುಳಿ ಮಜ್ಜಿಗೆ, ಇಲ್ಲವೇ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಸಗಣಿ. ದುಬಾರಿ ಪುಡಿಗಳ ಅಗತ್ಯವಿಲ್ಲ.

ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕೆದಕಿ ಗಾಳಿಯಾಡಿಸಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಒದ್ದೆಯಾಗಬೇಕು, ಹನಿ ಉದುರಬಾರದು.

ನಾಲ್ವರ ಮನೆಯಲ್ಲಿ ಒಂದು ಬಕೆಟ್ ತುಂಬಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ತುಂಬಿದ್ದನ್ನು ಪಕ್ಕಕ್ಕಿಟ್ಟು ವಾರಕ್ಕೊಮ್ಮೆ ಕೆದಕುತ್ತಿರಿ, ಎರಡನೆಯದನ್ನು ಶುರು ಮಾಡಿ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಅರ್ಧಕ್ಕಿಂತ ಕೆಳಗೆ ಕುಸಿದು ಕಪ್ಪಗೆ ಉದುರುದುರಾಗಿ, ಮೊದಲ ಮಳೆ ಬಿದ್ದ ಮಣ್ಣಿನ ಪರಿಮಳ ಕೊಡುತ್ತದೆ. ಜರಡಿ ಹಿಡಿದು ಬಳಸಿ, ಜರಡಿಯಲ್ಲಿ ಉಳಿದ ದಪ್ಪ ತುಂಡುಗಳು ಹೊಸ ಬಕೆಟ್‌ಗೆ ಹೆಪ್ಪಾಗುತ್ತವೆ.

ಬಕೆಟ್‌ಗೆ ಹಾಕಬಾರದವು: ಎಣ್ಣೆ, ಹಾಲು, ಮಾಂಸ, ಮೂಳೆ, ಗಂಟುಗಂಟಾಗಿ ಅನ್ನ. ತೆಂಗಿನ ಕರಟ ಮತ್ತು ಮಾವಿನ ಗೊರಟ ಕೊಳೆಯಲು ವರ್ಷಗಳೇ ಬೇಕು. ಸೇಬಿನ ಮೇಲಿನ ಸ್ಟಿಕರ್ ಕಿತ್ತು ತೆಗೆಯಿರಿ. ಅನೇಕ ಟೀ ಬ್ಯಾಗ್‌ಗಳ ಜಾಲರಿಯಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಒಳಗಿನ ಸೊಪ್ಪನ್ನು ಮಾತ್ರ ಸುರಿಯಿರಿ. ‘ಗೊಬ್ಬರವಾಗುವ ಚೀಲ’ ಎಂದು ಬರೆದುಕೊಂಡು ಬರುವ ಕ್ಯಾರಿಬ್ಯಾಗ್‌ಗಳು ಕೈಗಾರಿಕಾ ಘಟಕಗಳ ಹೆಚ್ಚಿನ ಬಿಸಿಯಲ್ಲಿ ಕರಗುವಂಥವು, ನಿಮ್ಮ ಬಕೆಟ್‌ನಲ್ಲಿ ತಿಂಗಳುಗಟ್ಟಲೆ ಹಾಗೆಯೇ ಕೂತಿರುತ್ತವೆ.

ಇನ್ನು ತೊಂದರೆಗಳು. ಕೊಳೆತ ಮೊಟ್ಟೆಯ ನಾತ ಬಂದರೆ ತೇವ ಹೆಚ್ಚಾಗಿ ಗಾಳಿ ನಿಂತಿದೆ ಎಂದರ್ಥ. ಎಲೆ ಸೇರಿಸಿ, ತಳದಿಂದ ಕೆದಕಿ, ಎರಡು ದಿನ ಹೊಸ ಕಸ ಹಾಕಬೇಡಿ. ಮೂಗಿಗೆ ಚುಚ್ಚುವ ಅಮೋನಿಯಾದ ವಾಸನೆ ಬಂದರೆ ಹಸಿಯದು ಮಿತಿಮೀರಿದೆ, ಅದಕ್ಕೂ ಒಣ ಎಲೆಯೇ ಮದ್ದು. ಇರುವೆ ಮುತ್ತಿದರೆ ಒಳಗೆ ಒಣಗಿದೆ, ನೀರು ಚಿಮುಕಿಸಿ. ತಿಂಗಳಾದರೂ ಏನೂ ಬದಲಾಗದಿದ್ದರೂ ಹಾಗೆಯೇ ಮಾಡಿ. ಸಣ್ಣ ಹಣ್ಣುನೊಣಗಳು ಹಾರಿದರೆ ಮೇಲಿನ ಹೊದಿಕೆ ತೆಳುವಾಗಿದೆ.

ಹುಳು ಕಂಡ ಕೂಡಲೇ ಬಕೆಟ್ ಎಸೆದವರು ಎಷ್ಟೋ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಬೂದು ಬಣ್ಣದ, ಚಪ್ಪಟೆಯಾದ, ಪಟ್ಟೆಪಟ್ಟೆಯಾಗಿರುವ ಮರಿಹುಳುಗಳು ಸಾಮಾನ್ಯವಾಗಿ ಕಪ್ಪು ಸೈನಿಕ ನೊಣದವು. ಬೆಳೆದ ಆ ನೊಣಕ್ಕೆ ನಮ್ಮ ಊಟದ ಗೊಡವೆಯೇ ಇಲ್ಲ, ಮನೆನೊಣದಂತೆ ತಟ್ಟೆಯ ಮೇಲೆ ಕೂರುವುದಿಲ್ಲ. ಮರಿಗಳು ಕಸವನ್ನು ಗಬಗಬನೆ ತಿಂದು ನಿಮ್ಮ ಕೆಲಸವನ್ನು ಬೇಗ ಮುಗಿಸುತ್ತವೆ. ನೋಡಲು ಆಗದಿದ್ದರೆ ಒಣ ಎಲೆ ಹೆಚ್ಚಿಸಿ, ಅವು ತಾವಾಗಿಯೇ ಕಡಿಮೆಯಾಗುತ್ತವೆ.

ಎಲೆಯ ವಿಷಯವನ್ನು ಮುಂಚೆಯೇ ಯೋಚಿಸಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆ ಮತ್ತು ಇತರ ಮರಗಳ ಎಲೆ ರಸ್ತೆಬದಿಯಲ್ಲಿ ರಾಶಿ ಬೀಳುತ್ತದೆ, ಕೆಲವೆಡೆ ಅದಕ್ಕೆ ಬೆಂಕಿಯನ್ನೂ ಇಡುತ್ತಾರೆ. ಅದನ್ನು ನಾಲ್ಕೈದು ಗೋಣಿಚೀಲಗಳಲ್ಲಿ ತುಂಬಿಡಿ. ಜೂನ್ ಬಂದು ಎಲ್ಲವೂ ಒದ್ದೆಯಾದಾಗ ಆ ಚೀಲಗಳ ಬೆಲೆ ತಿಳಿಯುತ್ತದೆ. ತಟ್ಟೆಗೆ ಇಳಿದ ಕಂದು ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಹೂಗಿಡಗಳ ಬುಡಕ್ಕೆ ಹಾಕಬಹುದು. ಬೆರೆಸದೆ ಹಾಕಿದರೆ ಬೇರು ಸುಡುತ್ತದೆ.

ಹಂತ 4: ಒಣಕಸ ಒಣಗಿಯೇ ಹೋಗಲಿ

ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಹೈಕೋರ್ಟ್ ಆದೇಶದಿಂದ 2015ರ ಕೊನೆಯಲ್ಲಿ ಬಂತು. ಹಸಿಕಸಕ್ಕೆ ಹಸಿರು ಬುಟ್ಟಿ, ಮರುಬಳಕೆಯಾಗದ್ದಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇಡೀ ದೇಶದಲ್ಲಿ ಮನೆಯಲ್ಲೇ ವಿಂಗಡಿಸುವುದನ್ನು ಕಡ್ಡಾಯ ಮಾಡಿದವು. ಆದರೆ ಮೊಸರು ಮೆತ್ತಿದ ಒಂದು ಡಬ್ಬಿ ಚೀಲದೊಳಗಿನ ಕಾಗದವನ್ನೆಲ್ಲ ಕೆಡಿಸುತ್ತದೆ ಎಂಬುದನ್ನು ನಿಯಮ ಹೇಳುವುದಿಲ್ಲ, ಅದನ್ನು ಬಿಡಿಸಿ ವಿಂಗಡಿಸುವ ಪೌರಕಾರ್ಮಿಕರ ಕೈಗಳು ಹೇಳುತ್ತವೆ.

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಸ್ವಲ್ಪ ಸೀಳಿ, ತುಣುಕು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಬಿಡಿಯಾದ ಆ ಚೂರನ್ನು ಯಾರೂ ಹೆಕ್ಕಲಾರರು, ಅದು ಚರಂಡಿ ಸೇರುತ್ತದೆ. ಖಾಲಿ ಪ್ಯಾಕೆಟ್ಟನ್ನು ಪಾತ್ರೆ ತೊಳೆದ ನೀರಿನಲ್ಲೇ ಜಾಲಾಡಿಸಿ, ಗೋಡೆಯ ಟೈಲ್ಸಿಗೆ ಅಂಟಿಸಿ ಒಣಗಿಸಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆದು ಬೇರೆಯಾಗಿ ಕೊಡಿ.

ಮನೆಯಲ್ಲಿ ಈಗಾಗಲೇ ಇರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬೇಳೆ, ರವೆ ತುಂಬಿ ಅವು ಸವೆಯುವವರೆಗೂ ಬಳಸಿ. ಬಿಸಿ ಸಾರು, ಉಪ್ಪಿನಕಾಯಿ, ಎಣ್ಣೆ ಮಾತ್ರ ಅದರಲ್ಲಿ ಬೇಡ. ಹೋಟೆಲಿನಿಂದ ತರುವಾಗ ಸ್ಟೀಲ್ ಕ್ಯಾರಿಯರ್ ಕೊಂಡೊಯ್ಯಿರಿ.

ಹಂತ 5: ಒಲೆ

ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 14.2 ಕಿಲೋದ ಒಂದು ಸಿಲಿಂಡರಿಗೆ ನಲವತ್ತು ಕಿಲೋಗೂ ಹೆಚ್ಚಾಯಿತು. ಸಿಲಿಂಡರ್ ಜೋಡಿಸಿದ ದಿನವನ್ನು ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ, ಎಷ್ಟು ದಿನ ಬಂತೆಂಬುದೇ ನಿಮ್ಮ ಅಳತೆಗೋಲು.

ಕಾಳುಗಳನ್ನು ರಾತ್ರಿಯೇ, ತೊಗರಿಬೇಳೆಯನ್ನು ಅರ್ಧ ಗಂಟೆ ಮೊದಲು ನೆನೆಸಿ. ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲೆ ಅನ್ನ, ಅದರ ಮೇಲೆ ತರಕಾರಿ ಇಟ್ಟು ಒಂದೇ ಉರಿಯಲ್ಲಿ ಮೂರು ಕೆಲಸ ಮುಗಿಸಿ. ಸೀಟಿ ಎಣಿಸುವ ಅಭ್ಯಾಸದಲ್ಲಿ ನಷ್ಟವಿದೆ: ಪ್ರತಿ ಸೀಟಿಯೂ ನೀವು ದುಡ್ಡು ಕೊಟ್ಟು ಮಾಡಿದ ಹಬೆ ಹೊರಗೆ ಹೋದದ್ದು. ಮೊದಲ ಸೀಟಿ ಬಂದೊಡನೆ ಉರಿಯನ್ನು ತೀರಾ ಸಣ್ಣದು ಮಾಡಿ ಹೊತ್ತು ನೋಡಿಕೊಳ್ಳಿ, ನೆನೆದ ತೊಗರಿಬೇಳೆಗೆ ಏಳೆಂಟು ನಿಮಿಷ ಸಾಕು. ಆರಿಸಿದ ಮೇಲೂ ಒಳಗಿನ ಬಿಸಿ ಬೇಯಿಸುತ್ತಲೇ ಇರುತ್ತದೆ, ಒತ್ತಡ ತಾನಾಗಿ ಇಳಿಯಲಿ. ಪಕ್ಕದಿಂದ ಹಬೆ ಸೋರುತ್ತಿದ್ದರೆ ಗ್ಯಾಸ್ಕೆಟ್ ಬದಲಿಸಿ. ಉರಿ ಪಾತ್ರೆಯ ತಳದಾಚೆ ಚಾಚಬಾರದು. ಜ್ವಾಲೆ ಹಳದಿಯಾದರೆ ಬರ್ನರಿನ ತೂತು ಕಟ್ಟಿದೆ, ತಣ್ಣಗಾದ ಮೇಲೆ ಬ್ರಷ್ಷಿನಿಂದ ಉಜ್ಜಿ.

ಇಂಡಕ್ಷನ್ ಒಲೆ ಒಳ್ಳೆಯದೇ ಎಂದು ಕೇಳುತ್ತೀರಿ. ಬಿಸಿ ಪಾತ್ರೆಗೇ ನೇರವಾಗಿ ಹೋಗುವುದರಿಂದ ಪೋಲು ಕಡಿಮೆ. ಆದರೆ ಗೃಹಜ್ಯೋತಿಯ ಫಲಾನುಭವಿಗಳು ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ.

ಹಂತ 6: ನೀರು

ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮುನ್ನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪಾಗಿ ಬರುತ್ತದೆ. ಇಲ್ಲಿ ಉಳಿಸಿದ ಪ್ರತಿ ಕೊಡ ನೀರೂ ಉಳಿಸಿದ ವಿದ್ಯುತ್ತೇ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಆರ್‌ಒ ಯಂತ್ರದ ಕಡೆ ನೋಡಿ. ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ಬೇರ್ಪಡಿಸುವ ಈ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರನ್ನು ಹೊರಚೆಲ್ಲುವುದುಂಟು. ಅದು ಬೇಕೇ ಎಂದು ತಿಳಿಯಲು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾಂಶವನ್ನು ಅಳೆಯಿಸಿ. ಲೀಟರಿಗೆ 500 ಮಿಲಿಗ್ರಾಂವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ಕಾವೇರಿ ನೀರು ಅದಕ್ಕಿಂತ ಬಹಳ ಕೆಳಗಿರುವುದರಿಂದ ಸೋಸಿ ಕುದಿಸಿದರೆ ಅಥವಾ ಯುವಿ, ಅಂದರೆ ಅತಿನೇರಳೆ ಕಿರಣದಿಂದ ರೋಗಾಣು ಕೊಲ್ಲುವ ಫಿಲ್ಟರ್ ಇದ್ದರೆ ಸಾಕು. ಗಡುಸಾದ ಕೊಳವೆಬಾವಿ ನೀರಿನ ಮಾತು ಬೇರೆ. ಕೋಲಾರ, ಪಾವಗಡದಂಥ ಕಡೆ ಫ್ಲೋರೈಡ್ ಇರುವುದರಿಂದ ಟಿಡಿಎಸ್ ಒಂದನ್ನೇ ನಂಬದೆ ನೀರನ್ನು ಪರೀಕ್ಷೆಗೆ ಕಳಿಸಿ. ಆರ್‌ಒ ಇದ್ದರೆ ಹೊರಬಿಡುವ ನೀರನ್ನು ಕೊಡದಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ. ಗಿಡಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಇದೆಯಲ್ಲ.

ಸಿಂಕಿನ ನಲ್ಲಿಯ ಮೂತಿಗೆ ಏರೇಟರ್ ಹಾಕಿಸಿ. ನೀರಿಗೆ ಗಾಳಿ ಬೆರೆಸುವ ಈ ಪುಟ್ಟ ಜಾಲರಿ ಮಾತ್ರ ಕೊಳ್ಳಲೇಬೇಕಾದ ವಸ್ತು ಎಂದು ನನಗನ್ನಿಸುತ್ತದೆ.

ಹಂತ 7: ಪಾತ್ರೆ ತೊಳೆಯುವುದು

ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ರಸ್ತೆಗೆ ಹಾರಿದ ನೊರೆಯಲ್ಲಿ ಮನೆಮನೆಯ ಸಾಬೂನಿನ ಪಾಲೂ ಇತ್ತು. ಸಾಬೂನಿನ ಬದಲಿಗೆ ಅಂಟುವಾಳದ ದ್ರವ ಹೀಗೆ ಮಾಡಿ: ಬೀಜ ತೆಗೆದ ಇಪ್ಪತ್ತು ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಹೊರಗಿಟ್ಟರೆ ನಾಲ್ಕೈದು ದಿನದಲ್ಲಿ ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಹೆಚ್ಚು ದಿನ ಬರುತ್ತದೆ. ನೊರೆ ಕಡಿಮೆ ಬಂದರೂ ಜಿಡ್ಡು ಹೋಗುತ್ತದೆ. ಕಣ್ಣಿಗೆ ತಾಗಿದರೆ ಉರಿ ಜೋರು, ಮಕ್ಕಳಿಗೆ ಎಟುಕದಂತೆ ಇಡಿ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು. ನೈಲಾನ್ ಸ್ಕ್ರಬ್ಬರ್ ಮುಗಿದ ಮೇಲೆ ತೆಂಗಿನ ನಾರು ಅಥವಾ ಒಣಗಿದ ತುಪ್ಪದ ಹೀರೆಯ ಜಾಳಿಗೆ ಬನ್ನಿ.

ಹಣ್ಣಿನ ಸಿಪ್ಪೆಯಿಂದ ಜೈವಿಕ ಕಿಣ್ವ, ಅಂದರೆ ತೊಳೆಯಲು ಒರೆಸಲು ಬಳಸುವ ಹುದುಗಿಸಿದ ದ್ರವ ಮಾಡುವವರು ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರಿನ ಲೆಕ್ಕದಲ್ಲಿ ಮೂರು ತಿಂಗಳು ಹುದುಗಿಸುತ್ತಾರೆ. ಗಾಜಿನ ಬಾಟಲಿಯಲ್ಲಿ ಎಂದೂ ಮಾಡಬೇಡಿ, ಅನಿಲ ತುಂಬಿ ಸಿಡಿಯುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲು ಭಾಗ ಖಾಲಿ ಬಿಟ್ಟು, ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ. ಮನೆಯಲ್ಲಿ ಬ್ಲೀಚ್ ಇದ್ದರೆ ಅದಕ್ಕೆ ನಿಂಬೆರಸ, ವಿನೆಗರ್, ಈ ಕಿಣ್ವ ಯಾವುದನ್ನೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಹೊಮ್ಮುತ್ತದೆ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಅದು ಕೊಳವೆಯಲ್ಲಿ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತದೆ. ಸ್ವಲ್ಪವಿದ್ದರೆ ಹಳೆಯ ಕಾಗದದಿಂದ ಒರೆಸಿ. ಹೆಚ್ಚಿದ್ದರೆ ಬಾಟಲಿಯಲ್ಲಿ ಕೂಡಿಟ್ಟು ಜೈವಿಕ ಡೀಸೆಲ್ಲಿಗೆಂದು ಸಂಗ್ರಹಿಸುವವರಿಗೆ ಕೊಡಿ.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವುದು ಬೇರೆಯವರಾದರೆ ಅವರನ್ನು ಕೇಳದೆ ಸಾಬೂನು ಬದಲಿಸಬೇಡಿ. ಅಂಟುವಾಳದಲ್ಲಿ ಉಜ್ಜಲು ತುಸು ಹೆಚ್ಚು ಹೊತ್ತು ಬೇಕು, ಆ ಹೊತ್ತು ಅವರದು. ತಳ ಹಿಡಿದ ಪಾತ್ರೆಗಳನ್ನು ನೀವೇ ಬಿಸಿನೀರಿನಲ್ಲಿ ನೆನೆಸಿಡಿ, ತಟ್ಟೆಯ ಎಂಜಲನ್ನು ನೀವೇ ತೆಗೆದು ಹಾಕಿ. ಮೊದಲ ಬಕೆಟ್ ಗೊಬ್ಬರ ಇಳಿದಾಗ ಅವರ ಮನೆಯ ತುಳಸಿ ಕುಂಡಕ್ಕೂ ಒಂದು ಡಬ್ಬಿ ತುಂಬಿ ಕೊಡಿ.